ಹೀಥ್ರೋ ಬದಿಯ ಓಣಿಯಲ್ಲಿ ವಿಮಾನಗಳ ಛಾಯಾಚಿತ್ರಣ

ಹವ್ಯಾಸಗಳು ನಾನಾ ವಿಧ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಹಳೆಯ ನಾಣ್ಯ ಕೂಡಿಸುತ್ತಾರೆ. ಪ್ರಯಾಣಿಕರ ವಿಮಾನಗಳ ಚಿತ್ರ ತೆಗೆದು ಕೂಡಿಸುವುದೂ ಒಂದು ಹವ್ಯಾಸವೆಂದರೆ ನಮ್ಮ ಸೋಲಾಪುರ-ಅಕ್ಕಲಕೋಟೆ ಕಡೆಯ ಜನ ನಕ್ಕಾರು. ವಿಮಾನವೆಂದರೆ ಹತ್ತಿ ಇಳಿಯುವ ವಾಹನ. ಎಸ್.ಟಿ. ಬಸ್ಸಿನ ಚಿತ್ರವನ್ನು ಯಾರಾದರೂ ತೆಗೆದಿಟ್ಟುಕೊಳ್ಳುತ್ತಾರೆಯೇ ಎಂದು ಕೇಳಿಯಾರು. ಆದರೆ ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಮೂರು ತಲೆಮಾರಿನ ಇತಿಹಾಸವಿದೆ. ಅದಕ್ಕೊಂದು ಶಿಸ್ತು ಇದೆ, ಒಂದು ನೀತಿಯೂ ಇದೆ. ಕಳೆದ 2025ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಅದನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಅಲ್ಲಿ ಕಂಡದ್ದನ್ನು ನಮ್ಮ ಓದುಗ ಬಾಂಧವರ ಮುಂದಿಡುತ್ತಿದ್ದೇನೆ.

ಹವ್ಯಾಸ ಹುಟ್ಟಿದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ‘ರಾಯಲ್ ಅಬ್ಸರ್ವರ್ ಕೋರ್’ ಎಂಬ ದಳದಲ್ಲಿ ಸಾವಿರಾರು ಸಾಮಾನ್ಯ ನಾಗರಿಕರು ಸೇವೆ ಮಾಡಿದರು. ಆಕಾಶದಲ್ಲಿ ಬರುವ ವಿಮಾನದ ಆಕಾರ ನೋಡಿಯೇ ಅದು ತಮ್ಮದೋ ಶತ್ರುವಿನದೋ ಎಂದು ಗುರುತಿಸಿ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಯುದ್ಧ ಮುಗಿಯಿತು, ಆಕಾಶ ನೋಡುವ ರೂಢಿ ಮಾತ್ರ ಉಳಿಯಿತು. 1946ರಲ್ಲಿ ಹೀಥ್ರೋ ನಾಗರಿಕ ವಿಮಾನ ನಿಲ್ದಾಣವಾಗಿ ಆರಂಭವಾದ ಮೇಲೆ ಶಾಲೆಯ ಹುಡುಗರು ದುರ್ಬೀನು, ಪೆನ್ಸಿಲು, ನೋಟುಬುಕ್ಕು ಹಿಡಿದು ಬೇಲಿಯ ಹೊರಗೆ ನಿಲ್ಲತೊಡಗಿದರು. ಪ್ರತಿಯೊಂದು ವಿಮಾನಕ್ಕೂ ಮೋಟಾರಿಗೆ ಇರುವಂತೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಬ್ರಿಟನ್ನಿನದು ‘ಜಿ’ ಅಕ್ಷರದಿಂದ ಶುರುವಾದರೆ ಭಾರತದ್ದು ‘ವಿಟಿ’ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಯಾವ ದಿನ, ಯಾವ ಸಂಖ್ಯೆಯ ವಿಮಾನ ಬಂತು ಎಂದು ಬರೆದಿಡುವುದು ಈ ಹುಡುಗರ ಕಿರ್ದಿ ಪುಸ್ತಕ.

ಮುಂದೆ ಕ್ಯಾಮೆರಾ ಬಂತು. ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಚಿತ್ರ ತೆಗೆದು, ದೇಶದೇಶಗಳ ಹವ್ಯಾಸಿಗಳು ಅಂಚೆಯ ಮೂಲಕ ವಿನಿಮಯ ಮಾಡಿಕೊಳ್ಳುತ್ತಿದ್ದರು. ಸ್ಲೈಡಿನಲ್ಲಿ ಬಿದ್ದದ್ದು ಬಿದ್ದಂತೆ. ಅದನ್ನು ತಿದ್ದುವ ಹಾಗೆಯೇ ಇಲ್ಲ. 2009ರಲ್ಲಿ ಆ ಫಿಲ್ಮಿನ ತಯಾರಿಕೆ ನಿಂತುಹೋಯಿತು. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬಂದಿತ್ತು. 1990ರಲ್ಲಿ ಫೋಟೋಶಾಪ್ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದಿತ್ತು. ಈಗ ಚಿತ್ರ ತೆಗೆಯುವುದು ಅರ್ಧ ಕೆಲಸ, ಮನೆಗೆ ಬಂದು ಗಣಕಯಂತ್ರದ ಮುಂದೆ ಕುಳಿತು ಅದನ್ನು ತಿದ್ದುವುದು ಇನ್ನರ್ಧ ಕೆಲಸ. ಈ ಲೇಖನದ ಮುಖ್ಯ ವಿಷಯ ಆ ಎರಡನೆಯ ಅರ್ಧವೇ.

ಹೋಗುವ ಮುಂಚಿನ ಅಂಜಿಕೆ

ಟಿಕೆಟ್ಟು ಮೊದಲೇ ಆಗಿತ್ತು. ಅಷ್ಟರಲ್ಲಿ ಜೂನ್ 12ರಂದು ಅಹಮದಾಬಾದದಿಂದ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣಕ್ಕೆ ಹೊರಟ ಏರ್ ಇಂಡಿಯಾ ವಿಮಾನ ಮೇಲೆದ್ದ ಅರ್ಧ ನಿಮಿಷದಲ್ಲಿಯೇ ನೆಲಕ್ಕೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರೇ ಬದುಕಿ ಉಳಿದರು. ನೆಲದ ಮೇಲಿದ್ದ 19 ಜನರೂ ಸೇರಿ ಒಟ್ಟು 260 ಜೀವಗಳು ಹೋದವು. ಮನೆಯಲ್ಲಿ ಎಲ್ಲರೂ, “ಈ ವರ್ಷ ಹೋಗೋದು ಬ್ಯಾಡ್ರಿ” ಎಂದರು. ಆಯುಷ್ಯ ಕರ್ಮ ಇದ್ದಷ್ಟು ದಿನ ಎಂದು ಸಮಾಧಾನ ಹೇಳಿ, ಣಮೋಕಾರ ಮಂತ್ರ ಸ್ಮರಿಸಿ ಮುಂಬಯಿಯಿಂದ ಹೊರಟೆವು. ಸುಖವಾಗಿ ಮುಟ್ಟಿದೆವು.

ಹದಿನೈದು ವರ್ಷದ ನನ್ನ ಮೊಮ್ಮಗನಿಗೆ ಈ ವಿಮಾನದ ಹುಚ್ಚು. ಅವನು ಹುಟ್ಟಿದ್ದು ಅಲ್ಲಿಯೇ ಆದರೂ ಮಗಳು ಮನೆಯಲ್ಲಿ ಕನ್ನಡ ಬಿಟ್ಟಿಲ್ಲ. ಬಂದ ಮೂರನೆಯ ದಿನವೇ, “ಅಜ್ಜಾ, ನಾಳೆ ನನ್ನ ಜೋಡಿ ಬರ್ರಿ. ವಿಮಾನ ಹೆಂಗ ಇಳೀತಾವು ತೋರಸ್ತೀನಿ” ಎಂದ. ಅಹಮದಾಬಾದದ ಸುದ್ದಿ ಇನ್ನೂ ಹಸಿಯಾಗಿದ್ದ ದಿನಗಳವು. ಹುಡುಗ ಅಂಜದೆ ಕರೆಯುತ್ತಿರುವಾಗ ಅಜ್ಜ ಹಿಂದೆ ಸರಿಯುವುದು ಹೇಗೆ?

ಮರ್ಟಲ್ ಅವೆನ್ಯೂ

ಲಂಡನ್ನಿನ ನೆಲದಡಿಯ ರೈಲಿನಲ್ಲಿ ಪಿಕಾಡಿಲಿ ಮಾರ್ಗ ಹಿಡಿದು ಹ್ಯಾಟನ್ ಕ್ರಾಸ್ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ದೊಡ್ಡ ರಸ್ತೆ ದಾಟಿ ಸ್ವಲ್ಪ ನಡೆದರೆ ಮರ್ಟಲ್ ಅವೆನ್ಯೂ ಎಂಬ ಸಾಧಾರಣ ಓಣಿ. ಎರಡೂ ಬದಿಗೆ ಹೆಂಚಿನ ಮನೆಗಳು. ಓಣಿ ಮುಗಿಯುವಲ್ಲಿ ಒಂದು ಹುಲ್ಲಿನ ಬಯಲು. ಟಿಕೆಟ್ಟಿಲ್ಲ, ಗೇಟಿಲ್ಲ. ಆದರೂ ವಿಮಾನ ನೋಡುವವರಿಗೆ ಈ ಬಯಲು ಜಗತ್ತಿನಲ್ಲಿಯೇ ಹೆಸರುವಾಸಿ.

ಕಾರಣ ಸರಳ. ಹೀಥ್ರೋದಲ್ಲಿ ಪೂರ್ವ-ಪಶ್ಚಿಮವಾಗಿ ಒಂದಕ್ಕೊಂದು ಸಮಾನಾಂತರವಾದ ಎರಡು ಓಟದ ಹಾದಿಗಳಿವೆ. ದಕ್ಷಿಣದ ಹಾದಿಯ ಪೂರ್ವ ತುದಿ ಈ ಬಯಲಿಗೆ ಬಹಳ ಸಮೀಪ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಅಲ್ಲಿ ವರ್ಷದ ಬಹುಪಾಲು ದಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನಗಳು ಪೂರ್ವದಿಂದ, ಲಂಡನ್ ನಗರದ ಮೇಲಿನಿಂದ ಬರುತ್ತವೆ. ಇಳಿಯುವಾಗ ಸುಮಾರು 3 ಡಿಗ್ರಿ ಓರೆಯಲ್ಲಿ ಬರುತ್ತವೆ. ಅಂದರೆ ಒಂದು ಕಿಲೋಮೀಟರ್ ಮುಂದೆ ಸಾಗುವಷ್ಟರಲ್ಲಿ ಸುಮಾರು 52 ಮೀಟರ್ ಕೆಳಗೆ ಬರುತ್ತವೆ. ಹೀಗಾಗಿ ಈ ಓಣಿಗೆ ಬರುವ ಹೊತ್ತಿಗೆ ಗಾಲಿಗಳ ಮೇಲಿನ ಮಣ್ಣೂ ಕಾಣುವಷ್ಟು ಕೆಳಗೆ ಇರುತ್ತವೆ. ನಿಲ್ದಾಣ ಗಜಿಬಿಜಿಯಿರುವಾಗ ಒಂದೂವರೆ ನಿಮಿಷಕ್ಕೊಂದರಂತೆ ಬರುತ್ತಲೇ ಇರುತ್ತವೆ.

ಆದರೆ ಯಾವಾಗ ಹೋದರೂ ಕಂಡೀತೆಂದು ತಿಳಿಯಬಾರದು. ಸುತ್ತಲಿನ ಜನರಿಗೆ ಅರ್ಧ ದಿನವಾದರೂ ಸದ್ದಿನಿಂದ ಬಿಡುವು ಸಿಗಲೆಂದು, ಇಳಿಯುವ ಹಾದಿಯನ್ನು ಮಧ್ಯಾಹ್ನ 3 ಗಂಟೆಗೆ ಬದಲಿಸುತ್ತಾರೆ. ಬೆಳಿಗ್ಗೆ ಉತ್ತರದ ಹಾದಿಯಾದರೆ ಮಧ್ಯಾಹ್ನದ ಮೇಲೆ ದಕ್ಷಿಣದ್ದು. ಮುಂದಿನ ವಾರ ಅದರ ತಿರುವುಮುರುವು. ಮೊಮ್ಮಗ ಇದನ್ನೆಲ್ಲ ನಮ್ಮ ಪಂಚಾಂಗ ನೋಡಿದಂತೆ ನೋಡಿಕೊಂಡೇ ಹೊರಟಿದ್ದ. ನಾವು ಹೋದ ವಾರ ಮಧ್ಯಾಹ್ನದ ಸರದಿ. ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ ದಾಟಿದ ಮೇಲೆ. ಹೀಗಾಗಿ ಸಂಜೆ 7 ಗಂಟೆಗೆ ಹುಲ್ಲಿನ ಮೇಲೆ ಕುಳಿತು ಮಗಳು ಕಟ್ಟಿಕೊಟ್ಟ ಕಟಕ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಹಿಂಡಿ, ಮೊಸರು ತಿಂದರೂ ರಾತ್ರಿಭೋಜನ ತ್ಯಾಗದ ವ್ರತಕ್ಕೆ ಧಕ್ಕೆ ಬರಲಿಲ್ಲ. ಚಳಿಗಾಲದಲ್ಲಿ ಹೋದವರಿಗೆ ಈ ಅನುಕೂಲವಿಲ್ಲ. ಡಿಸೆಂಬರಿನಲ್ಲಿ ಅಲ್ಲಿ 4 ಗಂಟೆಗೇ ಕತ್ತಲು.

ಬಯಲಿನಲ್ಲಿ ಇಪ್ಪತ್ತು-ಮೂವತ್ತು ಜನ ಇದ್ದರು. ನಿವೃತ್ತರಾದ ಮುದುಕರು ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ತಳ್ಳುಗಾಡಿಯಲ್ಲಿ ಕೂಸು ಇಟ್ಟುಕೊಂಡು ಬಂದ ತಾಯಂದಿರಿದ್ದರು. ದೊಡ್ಡ ಮಸೂರದ ಕ್ಯಾಮೆರಾ ಹಿಡಿದ ಹುಡುಗರಿದ್ದರು. ಪೂರ್ವ ದಿಕ್ಕಿನಲ್ಲಿ ಒಂದು ದೀಪ ಕಂಡರೆ ಸಾಕು, ಎಲ್ಲರ ಕೊರಳೂ ಆ ಕಡೆಗೆ. ನಾಲ್ಕು ಎಂಜಿನಿನ ಏರ್‌ಬಸ್ ಎ380 ಬಂದಾಗ ನನಗೂ ಮೈ ಜುಮ್ಮೆಂದಿತು. ಅದರ ರೆಕ್ಕೆಯ ಅಗಲ ಸುಮಾರು 80 ಮೀಟರ್. ನೆರಳು ಮನೆಗಳ ಮೇಲೆ ಹಾದುಹೋಗುತ್ತದೆ. ವಿಮಾನ ಹೋದ ಮೇಲೆ ಕೆಲವು ಕ್ಷಣ ಬಿಟ್ಟು ಗಾಳಿಯಲ್ಲಿ ಚಾಟಿ ಬೀಸಿದಂಥ ಸದ್ದು. ರೆಕ್ಕೆಯ ತುದಿಯಿಂದ ಹೊರಟ ಗಾಳಿಯ ಸುಳಿ ಕೆಳಗೆ ಬರುವ ಸದ್ದು ಅದು. ಆ ಸುಳಿಯ ಹೊಡೆತಕ್ಕೆ ಮನೆಗಳ ಹೆಂಚು ಕಿತ್ತುಬರುವುದೂ ಉಂಟು. ಅಂಥ ಮನೆಗಳ ಮಾಡನ್ನು ಭದ್ರಪಡಿಸಿಕೊಡುವ ಯೋಜನೆಯನ್ನು ನಿಲ್ದಾಣದವರೇ ಇಟ್ಟಿದ್ದಾರೆ.

ಚಿತ್ರ ತೆಗೆಯುವ ಕ್ರಮ

ಮೊಮ್ಮಗ ತಿಳಿಸಿದ ಕ್ರಮ ಹೀಗಿದೆ. ಬೆಳಕು ಬೆನ್ನ ಹಿಂದೆ ಇರಬೇಕು. ಈ ಬಯಲು ವಿಮಾನದ ಹಾದಿಗೆ ದಕ್ಷಿಣದಲ್ಲಿರುವುದರಿಂದ ದಿನದ ಹೆಚ್ಚು ಹೊತ್ತು ಸೂರ್ಯ ಬೆನ್ನಿಗೇ ಇರುತ್ತಾನೆ, ವಿಮಾನದ ಎಡಮೈ ಬೆಳಗುತ್ತದೆ. ಜೆಟ್ ವಿಮಾನಕ್ಕೆ ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟೇ ತೆರೆದು ಮುಚ್ಚಬೇಕು. ಇಲ್ಲದಿದ್ದರೆ ಹೆಸರು, ನೋಂದಣಿ ಸಂಖ್ಯೆ ಅಲುಗಿದಂತೆ ಕಾಣುತ್ತವೆ. ಪಂಖದ ವಿಮಾನಕ್ಕೆ ಇದೇ ಲೆಕ್ಕ ನಡೆಯದು. ಸೆಕೆಂಡಿನ 125ನೆಯ ಭಾಗ ಅಥವಾ 250ನೆಯ ಭಾಗಕ್ಕೆ ಇಳಿಸಬೇಕು. ಹೆಚ್ಚು ವೇಗ ಇಟ್ಟರೆ ಪಂಖ ನಿಂತಂತೆ ಕಂಡು, ವಿಮಾನ ಆಕಾಶದಲ್ಲಿ ಕೆಟ್ಟುನಿಂತಿದೆಯೇನೋ ಅನಿಸುತ್ತದೆ. ವಿಮಾನ ಸಾಗಿದಂತೆ ಸೊಂಟದಿಂದ ಮೇಲೆ ದೇಹವನ್ನೆಲ್ಲ ತಿರುಗಿಸುತ್ತ ಗುಂಡಿ ಒತ್ತಬೇಕು.

ಬಿಸಿಲಿನ ಝಳಕ್ಕೆ ಮಾತ್ರ ಔಷಧವಿಲ್ಲ. ಕಾದ ನೆಲದಿಂದ ಏಳುವ ಗಾಳಿ ಚಿತ್ರದ ಗೆರೆಗಳನ್ನು ನೀರಿನಲ್ಲಿ ಕಂಡಂತೆ ನಡುಗಿಸುತ್ತದೆ. ಎಷ್ಟು ತಿದ್ದಿದರೂ ಅದು ಹೋಗದು. ದೂರ ನಿಂತು ದೊಡ್ಡ ಮಸೂರದಲ್ಲಿ ತೆಗೆಯುವುದಕ್ಕಿಂತ ಹತ್ತಿರ ನಿಂತು ಸಣ್ಣ ಮಸೂರದಲ್ಲಿ ತೆಗೆಯುವುದು ಲೇಸು. ಈ ಓಣಿಗೆ ಬೆಲೆ ಬಂದಿರುವುದು ಇದರಿಂದಲೂ ಹೌದು.

ಇಂಗ್ಲಿಷಿನಲ್ಲಿ ಬಂದೂಕು ಹೊಡೆಯುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಕ್ರಿಯಾಪದ. ಯಾವ ಜೀವಕ್ಕೂ ನೋವಿಲ್ಲದ ಈ ಬೇಟೆ ನನಗೆ ಹಿಡಿಸಿತು. ಪರಿಗ್ರಹದ ಮಾತಿಗೆ ಬಂದರೆ, ಹೊಸಹೊಸ ಮಸೂರ ಕೊಳ್ಳುತ್ತ ಹೋದರೆ ಈ ಹವ್ಯಾಸಕ್ಕೆ ಕೊನೆಯೇ ಇಲ್ಲ. ನಮ್ಮ ಅಳಿಯಂದಿರು ಮಗನಿಗೆ ಒಂದೇ ಕ್ಯಾಮೆರಾ, ಒಂದೇ ಮಸೂರ ಎಂದು ಮಿತಿ ಹಾಕಿಕೊಟ್ಟಿದ್ದಾರೆ. ಅವೂ ಬಳಸಿದ ಮಾಲುಗಳೇ. ಹುಡುಗ ಅಷ್ಟರಲ್ಲಿಯೇ ತೃಪ್ತ.

ಸಂಜೆ ಆರೂವರೆಯ ಸುಮಾರಿಗೆ ಅವನು ಕೈಯೊಳಗಿನ ಫೋನು ನೋಡಿ, “ಅಜ್ಜಾ, ಈಗ ನಮ್ಮದು ಬರ್ತದ” ಎಂದ. ದೆಹಲಿಯಿಂದ ಬಂದ ಏರ್ ಇಂಡಿಯಾದ ಎ350. ಇಳಿಬಿಸಿಲು ಅದರ ಮೂತಿಗೆ ಬಿದ್ದು ಕೆಂಪು-ಬಂಗಾರದ ಬಣ್ಣ ಹೊಳೆಯುತ್ತಿತ್ತು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಇಂಗ್ಲಿಷ್ ಮುದುಕರು ತಲೆಯ ಮೇಲಿನ ಟೋಪಿ ತೆಗೆದರು. ಅಹಮದಾಬಾದದ ಹೆಸರು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಮೊಮ್ಮಗನ ಕ್ಯಾಮೆರಾ ಮಾತ್ರ ಒಂದೇ ಸಮನೆ ಟಕಟಕ ಎನ್ನುತ್ತಿತ್ತು. ವಿಮಾನದ ಗಾಲಿ ನೆಲ ಮುಟ್ಟಿ ಹೊಗೆ ಎದ್ದದ್ದನ್ನು ದೂರದಿಂದ ಕಂಡ ಮೇಲೆ ನಾನು ಉಸಿರು ಬಿಟ್ಟೆ.

ತಿದ್ದುವ ಕೆಲಸ, ಬಟ್ಟೆ ಅಂಗಡಿಯ ಕಣ್ಣಿನಿಂದ

ಮರುದಿನ ಗಣಕಯಂತ್ರದ ಮುಂದೆ ಕುಳಿತೆವು. ತೆಗೆದದ್ದು ನಾನೂರು ಚಿತ್ರ, ಇಟ್ಟುಕೊಂಡದ್ದು ಹನ್ನೆರಡು. ನಾನು ಬಟ್ಟೆ ವ್ಯಾಪಾರದವನು. ಹುಡುಗ ಒಂದೊಂದೇ ಹಂತ ವಿವರಿಸಿದಂತೆ ನನಗೆ ನಮ್ಮ ಅಂಗಡಿಯೇ ಕಣ್ಣಮುಂದೆ ಬಂತು.

ಮೊದಲನೆಯದು ಮಟ್ಟ. ಚಿತ್ರ ಓರೆಯಾಗಿದ್ದರೆ ನೇರ ಮಾಡಬೇಕು. ನೆಲ ಏರಿಳಿತದ್ದಾಗಿರಬಹುದು. ಆದ್ದರಿಂದ ಕಂಬ, ಮನೆಯ ಗೋಡೆ ಇಂಥ ನೆಟ್ಟಗಿನ ವಸ್ತು ನೋಡಿ ಮಟ್ಟ ಹಿಡಿಯಬೇಕು. ಬಟ್ಟೆ ಅಳೆಯುವಾಗ ಗಜಕಡ್ಡಿ ಓರೆ ಹಿಡಿದರೆ ಅಳತೆಯೇ ತಪ್ಪು.

ಎರಡನೆಯದು ಕತ್ತರಿಸುವುದು. ಸುತ್ತಲಿನ ಬೇಡದ ಜಾಗ ತೆಗೆದು ವಿಮಾನಕ್ಕೆ ಹಿಂದೆಮುಂದೆ ಹದವಾದ ಜಾಗ ಬಿಡಬೇಕು. ಬಾಲ ಕತ್ತರಿಸಿಹೋಗಬಾರದು.

ಮೂರನೆಯದು ಬಣ್ಣ. ಕ್ಯಾಮೆರಾ ಕೆಲವೊಮ್ಮೆ ಬಿಳಿಯನ್ನು ನೀಲಿಯಾಗಿ, ಕೆಲವೊಮ್ಮೆ ಹಳದಿಯಾಗಿ ಹಿಡಿಯುತ್ತದೆ. ಅದನ್ನು ನಿಜವಾದ ಬಿಳಿಗೆ ತರಬೇಕು. ಟ್ಯೂಬ್‌ಲೈಟಿನ ಕೆಳಗೆ ಹಸಿರು ಕಂಡ ಸೀರೆ ಹೊರಗೆ ಬೇರೆಯೇ ಕಾಣುತ್ತದೆಂದು ಬಲ್ಲ ಹೆಣ್ಣುಮಕ್ಕಳು ಸೀರೆಯನ್ನು ಅಂಗಡಿಯ ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ನೋಡುತ್ತಾರೆ. ಒಳ್ಳೆಯ ವ್ಯಾಪಾರಿ ತಾನೇ ಒಯ್ದು ತೋರಿಸುತ್ತಾನೆ. ಈ ತಿದ್ದುಪಡಿಯೂ ಅಂಥದೇ.

ನಾಲ್ಕನೆಯದು ಬೆಳಕು-ನೆರಳು. ವಿಮಾನದ ಬಿಳಿ ಮೈ ಬಿಸಿಲಿಗೆ ಸುಣ್ಣ ಬಳಿದಂತೆ ಆಗಿದ್ದರೆ ತಗ್ಗಿಸಬೇಕು. ಹೊಟ್ಟೆಯ ಕೆಳಗಿನ ಕತ್ತಲು ಸ್ವಲ್ಪ ಎತ್ತಬೇಕು. ಆದರೆ ಪೂರಾ ಬಿಳಿಯಾಗಿ ಹೋದ ಭಾಗದಲ್ಲಿ ಏನನ್ನೂ ತರಲಾಗದು. ಇಲ್ಲದ್ದು ಎಲ್ಲಿಂದ ಬರಬೇಕು?

ಐದನೆಯದು ಮೊನಚು. ಗೆರೆಗಳನ್ನು ಸ್ವಲ್ಪ ಚುರುಕು ಮಾಡಬಹುದು. ಅತಿಯಾದರೆ ವಿಮಾನದ ಸುತ್ತ ಬಿಳಿಯ ಅಂಚು ಕಟ್ಟುತ್ತದೆ, ರೆಕ್ಕೆ ಗರಗಸದಂತೆ ಆಗುತ್ತದೆ. ಬಟ್ಟೆಗೆ ಗಂಜಿ ಹಾಕುವುದು ಸರಿ. ತೆಳು ಬಟ್ಟೆಯನ್ನು ದಪ್ಪವೆಂದು ತೋರಿಸಲು ಗಂಜಿ ತುಂಬಿದರೆ ಮೊದಲನೆಯ ಒಗೆತದಲ್ಲಿಯೇ ಬಣ್ಣ ಬಯಲಾಗುತ್ತದೆ.

ಇಂಥ ಚಿತ್ರಗಳ ದೊಡ್ಡ ಭಂಡಾರಗಳಲ್ಲಿ ಚಿತ್ರ ಸೇರಬೇಕಾದರೆ ಪರಿಶೀಲಕರು ಈ ಐದನ್ನೂ ನೋಡುತ್ತಾರೆ. ಓರೆಯಾಗಿದ್ದರೆ, ಮೊನಚು ಅತಿಯಾಗಿದ್ದರೆ ಮರಳಿಸುತ್ತಾರೆ. ಇದ್ದದ್ದನ್ನು ಅಳಿಸಿದ ಅಥವಾ ಇಲ್ಲದ್ದನ್ನು ಸೇರಿಸಿದ ಗುರುತು ಸಿಕ್ಕರಂತೂ ಆ ಚಿತ್ರಕ್ಕೆ ಪ್ರವೇಶವೇ ಇಲ್ಲ.

ಕಲೆಯೋ ಹಕ್ಕಿಯೋ

ಕೊನೆಯ ಹಂತ ಕಲೆ ತೆಗೆಯುವುದು. ಮಸೂರ ಬದಲಿಸುವಾಗ ಕ್ಯಾಮೆರಾದ ಒಳಗೆ ಧೂಳಿನ ಕಣ ಸೇರುತ್ತದೆ. ಅದು ಪ್ರತಿ ಚಿತ್ರದಲ್ಲಿಯೂ ಆಕಾಶದಲ್ಲಿ ಕಂದು ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಒರೆಸಲು ಅನುಮತಿ ಇದೆ. ಕಾರಣ, ಆ ಚುಕ್ಕೆ ಆಕಾಶದ್ದಲ್ಲ, ಕ್ಯಾಮೆರಾದ್ದು.

ಏರ್ ಇಂಡಿಯಾ ವಿಮಾನದ ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಶಾಲೆಯ ಪ್ರದರ್ಶನಕ್ಕೆ ಅದನ್ನೇ ಕೊಡುವುದೆಂದು ಮನೆಯಲ್ಲಿ ನಿರ್ಧಾರವಾಯಿತು. ಅದರಲ್ಲಿ ರೆಕ್ಕೆಯ ಮುಂದೆ, ಸ್ವಲ್ಪ ಕೆಳಗೆ ಒಂದು ಚುಕ್ಕೆ ಕಂಡಿತು. ಮಗಳು ನೋಡಿ, “ಆ ಕಲೆ ತಗದಬಿಡೋ, ಚಿತ್ರ ಸ್ವಚ್ಛ ಕಾಣತದ” ಎಂದಳು. ಹುಡುಗ ಒಮ್ಮೆಲೇ ಒರೆಸಲಿಲ್ಲ. ಹಿಂದಿನ ಚಿತ್ರ, ಮುಂದಿನ ಚಿತ್ರ ತೆರೆದು ಪಕ್ಕಪಕ್ಕದಲ್ಲಿ ಇಟ್ಟ. ಧೂಳಾದರೆ ಎಲ್ಲ ಚಿತ್ರಗಳಲ್ಲಿಯೂ ಅದೇ ಜಾಗದಲ್ಲಿ ಇರಬೇಕು. ಇದು ಜಾಗ ಬದಲಿಸಿತ್ತು. ದೊಡ್ಡದು ಮಾಡಿ ನೋಡಿದರೆ ಉದ್ದ ಬಾಲದ ಒಂದು ಹಸಿರು ಗಿಳಿ! ನಮ್ಮ ದೇಶದ ಮೂಲದ ಗಿಳಿಗಳು ಪಶ್ಚಿಮ ಲಂಡನ್ನಿನಲ್ಲಿ ಈಗ ಹಿಂಡುಹಿಂಡಾಗಿ ನೆಲೆಸಿವೆ. ನೋಡಿ ಎಲ್ಲರೂ ನಕ್ಕೆವು. ಆದರೂ ಮಗಳು, “ಗಿಳಿ ಆದರೇನು, ಕಲೆ ಹಂಗೇ ಕಾಣತದಲ್ಲ. ಅದನ್ನ ತಗದರ ಯಾರಿಗೆ ನಷ್ಟ?” ಎಂದು ಕೇಳಿದಳು. ಪ್ರಶ್ನೆ ಸಹಜವೇ. ಒಂದು ಗುಂಡಿ ಒತ್ತಿದರೆ ಗಿಳಿ ಮಾಯ. ಬಹುಮಾನ ಬರುವ ಸಂಭವವೂ ಹೆಚ್ಚು.

ಹುಡುಗ ಹೇಳಿದ ಉತ್ತರ ನನ್ನ ಮನಸ್ಸಿಗೆ ನಾಟಿತು. “ಅವ್ವಾ, ಅಹಮದಾಬಾದದ ವಿಮಾನ ಬಿದ್ದಾಗ ಎಲ್ಲಾರೂ ಹಕ್ಕಿ ಬಡದದ ಅಂದ್ರು. ಆಮ್ಯಾಲ ವರದಿ ಬಂತು, ಹಕ್ಕಿ ಅಲ್ಲ ಅಂತ. ಅದು ಹೆಂಗ ಗೊತ್ತಾತು? ಚಿತ್ರ ನೋಡಿನೇ ಅಲ್ಲೇನು?”

ಅವನ ಮಾತು ನಿಜ. ಜುಲೈ 12ರಂದು ಹೊರಬಂದ ಭಾರತದ ವಿಮಾನ ಅಪಘಾತ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯಲ್ಲಿ, ನಿಲ್ದಾಣದ ಕ್ಯಾಮೆರಾಗಳ ದೃಶ್ಯ ಪರಿಶೀಲಿಸಿ, ವಿಮಾನದ ಹಾದಿಯ ಸುತ್ತ ಗಮನಾರ್ಹ ಹಕ್ಕಿಗಳ ಓಡಾಟ ಕಂಡುಬಂದಿಲ್ಲವೆಂದು ತಿಳಿಸಿದ್ದಾರೆ. ಅದಕ್ಕಿಂತ ಮೊದಲು ಜಗತ್ತಿನ ಕಣ್ಣಿಗೆ ಬಿದ್ದದ್ದು 17 ವರ್ಷದ ಒಬ್ಬ ಹುಡುಗ ತೆಗೆದ ಚಲಚ್ಚಿತ್ರ. ವಿಮಾನಗಳ ಮೇಲಿನ ಪ್ರೀತಿಯಿಂದ ಅವನು ಅಹಮದಾಬಾದದ ಒಂದು ಮಾಳಿಗೆಯ ಮೇಲೆ ನಿಂತು, ಮೇಲೇಳುವ ವಿಮಾನವನ್ನು ಫೋನಿನಲ್ಲಿ ಹಿಡಿಯುತ್ತಿದ್ದ. ಕಣ್ಣಮುಂದೆಯೇ ಅದು ಕೆಳಗಿಳಿದು ಬೆಂಕಿಯಾಯಿತು. ಪೊಲೀಸರು ಅವನ ಹೇಳಿಕೆಯನ್ನು ಸಾಕ್ಷಿಯಾಗಿ ಪಡೆದರು. ಹುಡುಗಾಟದ ಹವ್ಯಾಸವೆಂದು ನಾವು ತಳ್ಳಿಹಾಕುವ ಕೆಲಸ ಅಂದು 260 ಜನರ ಸಾವಿಗೆ ಸಾಕ್ಷಿಯಾಯಿತು. ಅದೇ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸುಳ್ಳು ಚಿತ್ರಗಳೂ ಫೋನಿನಿಂದ ಫೋನಿಗೆ ಹರಿದಾಡಿದವು. ಬಂಧುಗಳನ್ನು ಕಳೆದುಕೊಂಡವರ ಮನಸ್ಸಿಗೆ ಅವುಗಳಿಂದ ಆದ ನೋವು ಎಷ್ಟೆಂದು ಊಹಿಸಬಹುದು.

ಗಿಳಿ ಉಳಿಯಿತು. ಮಗಳೂ ಒಪ್ಪಿದಳು. ಪ್ರದರ್ಶನದಲ್ಲಿ ಬಹುಮಾನ ಬೇರೆಯವರಿಗೆ ಹೋಯಿತು. ಹುಡುಗ ಅದಕ್ಕೆ ಬೇಸರಪಡಲಿಲ್ಲ.

ನಮ್ಮ ಶಾಸ್ತ್ರದ ಮಾತು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ತಿಳಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು, ಎಂದರೆ ಸುಳ್ಳು ಲೇಖ ಸೃಷ್ಟಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದರ ಜೊತೆಗೆ ‘ಪ್ರತಿರೂಪಕ ವ್ಯವಹಾರ’ವನ್ನು ಹೇಳಿದ್ದಾರೆ. ನಿಜವಾದ ಮಾಲಿನಂತೆ ಕಾಣುವ ನಕಲಿ ಮಾಲನ್ನು ಬೆರೆಸಿ ಮಾರುವುದೆಂದು ಅದರ ಅರ್ಥ. ವ್ಯಾಪಾರಸ್ಥರಾದ ನಾವು ಇದನ್ನು ತಕ್ಕಡಿಗೂ ಖಾತೆ ಪುಸ್ತಕಕ್ಕೂ ಅನ್ವಯಿಸಿಕೊಂಡು ಬಂದವರು. ಖಾತೆಯನ್ನು ದುಂಡಗಿನ ಅಕ್ಷರದಲ್ಲಿ ಶುಚಿಯಾಗಿ ಬರೆದರೆ ದೋಷವಿಲ್ಲ, ರಕಮು ತಿದ್ದಿದರೆ ದೋಷ. ಚಿತ್ರ ತಿದ್ದುವುದಕ್ಕೂ ಇದಕ್ಕಿಂತ ಬೇರೆ ನಿಯಮ ಬೇಕಿಲ್ಲ. ಕ್ಯಾಮೆರಾ ತಂದಿಟ್ಟ ದೋಷವನ್ನು ತೆಗೆಯಬಹುದು. ಕಣ್ಣು ಕಂಡದ್ದನ್ನು ತೆಗೆಯಬಾರದು, ಕಾಣದ್ದನ್ನು ಸೇರಿಸಬಾರದು.

ಇದರ ಜೊತೆಗೆ ಹುಡುಗ ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದಾನೆ. ಎಷ್ಟೇ ತಿದ್ದಿದರೂ ಕ್ಯಾಮೆರಾದಿಂದ ಬಂದ ಮೂಲ ಪ್ರತಿಯನ್ನು ಅಳಿಸುವುದಿಲ್ಲ. ಚಿತ್ರದ ಕೆಳಗೆ ದಿನಾಂಕ, ಸ್ಥಳ, ನೋಂದಣಿ ಸಂಖ್ಯೆ ಬರೆಯುತ್ತಾನೆ. ವಿಮಾನಗಳೂ ಶಾಶ್ವತವಲ್ಲ. 1970ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 747ನ್ನು ಬ್ರಿಟಿಷ್ ಏರ್‌ವೇಸ್ 2020ರಲ್ಲಿ ನಿವೃತ್ತಿಗೊಳಿಸಿತು. ಏರ್ ಇಂಡಿಯಾದ ಕೊನೆಯ 747 ವಿಮಾನ 2024ರ ಏಪ್ರಿಲ್ 22ರಂದು ಮುಂಬಯಿಯಿಂದ ರೆಕ್ಕೆ ಓಲಾಡಿಸಿ ವಿದಾಯ ಹೇಳಿಹೋಯಿತು. ಕಿಟಕಿಗಳ ಸುತ್ತ ಝರೋಕಾ ಬರೆದಿದ್ದ ಆ ವಿಮಾನಗಳನ್ನು ಇನ್ನು ನೋಡಬೇಕೆಂದರೆ ಹವ್ಯಾಸಿಗಳ ಚಿತ್ರಗಳೇ ಗತಿ.

ನಮ್ಮ ಕಡೆಯ ಮಕ್ಕಳಿಗೆ

ಈ ಹವ್ಯಾಸ ನಮ್ಮ ಭಾಗಕ್ಕೂ ಬರಲಿದೆ. ಸೋಲಾಪುರದ ಹೋಟಗಿ ರಸ್ತೆಯ ನಿಲ್ದಾಣಕ್ಕೆ ಅಡ್ಡಿಯೆಂದು ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು 2023ರ ಜೂನಿನಲ್ಲಿ ಕೆಡವಿದ್ದು ಎಲ್ಲರಿಗೂ ನೆನಪಿದೆ. 2025ರ ಜೂನ್ 9ರಂದು ಗೋವಾ-ಸೋಲಾಪುರ ವಿಮಾನ ಸೇವೆ ಆರಂಭವಾಯಿತು. ಅದು ಪಂಖದ ಎಟಿಆರ್ ವಿಮಾನ. ಚಿತ್ರ ತೆಗೆಯುವ ಮಕ್ಕಳು ಮೇಲೆ ಹೇಳಿದ ಪಂಖದ ಲೆಕ್ಕ ನೆನಪಿಡಬೇಕು.

ಆದರೆ ಎಚ್ಚರಿಕೆಯ ಮಾತೂ ಹೇಳಬೇಕು. ಇಂಗ್ಲೆಂಡಿನಲ್ಲಿ ನಡೆಯುವುದೆಲ್ಲ ಬೇರೆಡೆ ನಡೆಯದು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾದಲ್ಲಿ ವಾಯುಸೇನೆಯ ನೆಲೆಗೆ ಪ್ರದರ್ಶನ ನೋಡಲು ಹೋದ 12 ಬ್ರಿಟಿಷರು ಮತ್ತು ಇಬ್ಬರು ಡಚ್ಚರನ್ನು ಗೂಢಚಾರರೆಂಬ ಸಂಶಯದಿಂದ ಬಂಧಿಸಿದರು. ಮರುವರ್ಷ ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ಅವರು ಬಿಡುಗಡೆಯಾದರು. ನಮ್ಮ ದೆಹಲಿಯಲ್ಲಿಯೂ 2010ರಲ್ಲಿ ಇಬ್ಬರು ಬ್ರಿಟಿಷ್ ಹವ್ಯಾಸಿಗಳ ಬಂಧನವಾಗಿತ್ತು. ಭಾರತದಲ್ಲಿ 1937ರ ವಿಮಾನ ನಿಯಮಗಳ ಕಾಲದಿಂದಲೂ ಸರಕಾರಿ ನಿಲ್ದಾಣದಲ್ಲಿ ಚಿತ್ರ ತೆಗೆಯಲು ಅನುಮತಿ ಬೇಕೆಂಬ ಕಟ್ಟಳೆ ನಡೆದುಬಂದಿದೆ. ಪುಣೆಯ ಲೋಹೆಗಾಂವದ ಓಟದ ಹಾದಿ ವಾಯುಸೇನೆಯದು. ಗೋವೆಯ ದಾಬೋಳಿಯದು ನೌಕಾಸೇನೆಯದು. ಅಂಥಲ್ಲಿ ಕ್ಯಾಮೆರಾ ಎತ್ತುವ ಗೋಜಿಗೇ ಹೋಗಬಾರದು. ಮಕ್ಕಳು ಹಟ ಮಾಡಿದರೆ ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಬಹುದು. ಯಲಹಂಕದಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆದುಬಂದಿರುವ ವೈಮಾನಿಕ ಪ್ರದರ್ಶನವೂ ಇದೆ.

ಕೊನೆಯದಾಗಿ ಒಂದು ವಿನಂತಿ. ಚಿತ್ರ ತಿದ್ದುವ ಚಪಲ ವಿಮಾನದ ಹುಡುಗರಿಗೆ ಮಾತ್ರ ಇರುವುದಲ್ಲ. ಮದುವೆಯ ಗುಂಪು ಚಿತ್ರದಲ್ಲಿ ಬಾರದವರನ್ನು ತಂದು ಕೂಡ್ರಿಸುವುದು, ಮನಸ್ತಾಪವಾದವರನ್ನು ಅಳಿಸುವುದು, ಪಂಚಕಲ್ಯಾಣ ಮಹೋತ್ಸವದ ಚಿತ್ರದಲ್ಲಿ ಜನಸ್ತೋಮವನ್ನು ಹೆಚ್ಚಿಸಿ ತೋರಿಸುವುದು ಈಗ ಒಂದು ಕ್ಷಣದ ಕೆಲಸ. ಐವತ್ತು ವರ್ಷದ ನಂತರ ನಮ್ಮ ಮರಿಮಕ್ಕಳು ಆ ಚಿತ್ರ ನೋಡಿ ಅದನ್ನೇ ನಿಜವೆಂದು ತಿಳಿಯುತ್ತಾರೆ. ಆದುದರಿಂದ ಮನೆಯಲ್ಲಿರುವ ಚಿತ್ರಗಳ ಮೂಲ ಪ್ರತಿಗಳನ್ನು ಜೋಪಾನ ಮಾಡಿರಿ. ಹಿಂಭಾಗದಲ್ಲಿ ದಿನಾಂಕ, ಊರು, ಇದ್ದವರ ಹೆಸರು ಬರೆದಿಡಿರಿ. ಧೂಳು ಬಿದ್ದಿದ್ದರೆ ಒರೆಸಿರಿ, ಮನುಷ್ಯರನ್ನು ಒರೆಸಬೇಡಿರಿ.